ಎರಡನೇ ದನಿಗೆ ಯಾರು ನಿಲ್ಲುತ್ತಾರೆ?

ಹೋದ ವಾರ ರಾತ್ರಿ ಊಟ ಮುಗಿಸಿ ಒಂದು ಹಾಡು ಹಚ್ಚಿಕೊಂಡು ಕೂತಿದ್ದೆ. ತುಂಬಾ ನಿಧಾನಕ್ಕೆ ಸಾಗುವ ಹಾಡು. ಅಮ್ಮ ಅಡುಗೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಸ್ವಲ್ಪ ಹೊತ್ತು ಕಿವಿಗೊಟ್ಟು, "ಯಾರೋ ಇದು ಹಾಡ್ತಿರೋದು? ವಯಸ್ಸಾದವರು ಅಲ್ವಾ?" ಅಂದರು. ಹೌದಮ್ಮ ಅಂದೆ. ಚಮಚ ಕೈಯಲ್ಲೇ ಹಿಡಿದು ಬಾಗಿಲ ಹತ್ತಿರ ಬಂದು ನಿಂತರು. "ಆಯಮ್ಮನ ಹಿಂದೆ ಹಿಂದೆನೇ ಬರ್ತಿದಾನೆ ನೋಡು ಅವನು. ಕೈ ಹಿಡಿದು ಮೆಟ್ಟಿಲು ಇಳಿಸೋ ಥರ" ಅಂದರು.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತ ಅಂದರೆ ಏನು ಅಂತಲೂ ಗೊತ್ತಿಲ್ಲ. ಆದರೆ ಆ ಹಾಡಿನ ಗುಟ್ಟು ಅವರ ಆ ಒಂದು ಮಾತಿನಲ್ಲೇ ಇತ್ತು. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಹಾಡು ಇರುವುದು 'ಓಲ್ಡ್ ಯೆಲ್ಲೋ ಮೂನ್' ಎಂಬ ಆಲ್ಬಂನಲ್ಲಿ. ಹಾಡಿದವರು ಎಮ್ಮಿಲೂ ಹ್ಯಾರಿಸ್ ಮತ್ತು ರಾಡ್ನಿ ಕ್ರೋವೆಲ್. 2013ರ ಫೆಬ್ರವರಿಯಲ್ಲಿ ನಾನ್‌ಸಚ್ ಕಂಪನಿ ಹೊರತಂದ ಈ ಆಲ್ಬಂನಲ್ಲಿ 12 ಹಾಡುಗಳಿವೆ. ಆಗ ಎಮ್ಮಿಲೂಗೆ 65 ವರ್ಷ, ರಾಡ್ನಿಗೆ 62. ಮರುವರ್ಷ ಅದಕ್ಕೆ ಅಮೆರಿಕಾನಾ ವಿಭಾಗದ (ಅದೇನು ಅಂತ ಮುಂದೆ ಹೇಳುತ್ತೇನೆ) ಗ್ರ್ಯಾಮಿ ಪ್ರಶಸ್ತಿ ಬಂತು.

ಹೀಗೆ ಹಿರಿಯ ಗಾಯಕರು ಜೋಡಿಯಾಗಿ ಆಲ್ಬಂ ಮಾಡುವುದು ಆ ಕಡೆ ಪದೇ ಪದೇ ನಡೆಯುತ್ತಿದೆ. 1999ರಲ್ಲಿ ಎಮ್ಮಿಲೂ ಅವರೇ ಗೆಳತಿ ಲಿಂಡಾ ರಾನ್‌ಸ್ಟಾಟ್ ಜೊತೆ ಒಂದು ಆಲ್ಬಂ ಮಾಡಿದ್ದರು. 2015ರಲ್ಲಿ ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ ಜೊತೆಯಾದರು. ಅದು ಬಂದು ವರ್ಷ ತುಂಬುವ ಮೊದಲೇ, 2016ರ ಏಪ್ರಿಲ್‌ನಲ್ಲಿ, ತಮ್ಮ 79ನೇ ಹುಟ್ಟುಹಬ್ಬದ ದಿನವೇ ಹ್ಯಾಗರ್ಡ್ ತೀರಿಕೊಂಡರು. 2025ರಲ್ಲಿ ವಿಲ್ಲಿ ಮತ್ತೆ ಬಂದರು, ಈ ಸಲ ಪೂರ್ತಿ ರಾಡ್ನಿ ಬರೆದ ಹಾಡುಗಳನ್ನು ಹಿಡಿದುಕೊಂಡು.

ಯಾಕೆ ಹೀಗೆ? ಹಳೇ ಅಭಿಮಾನಿಗಳ ನೆನಪಿಗೆ ಬೆಲೆ ಕಟ್ಟುತ್ತಾರೆ, ಎರಡು ಹೆಸರು ಸೇರಿದರೆ ಟಿಕೆಟ್ ಜಾಸ್ತಿ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ನಿಜ ಇಲ್ಲ ಅನ್ನಲಾರೆ. ಆದರೆ ನನಗೆ ಕಾಣುವ ಕಾರಣ ಸಂಗೀತದ ಒಳಗೇ ಇದೆ. ಈ ಪರಂಪರೆಯ ಜೀವ ಇರುವುದು ಎರಡನೇ ದನಿಯಲ್ಲಿ. ಆ ಜಾಗದಲ್ಲಿ ನಿಲ್ಲುವುದನ್ನು ಕಲಿಯಲು ವರ್ಷಗಳು ಬೇಕು.

ಎರಡನೇ ದನಿ ಅಂದರೆ ಏನು ಅಂತ ಮೊದಲು ನೋಡೋಣ. ನಮ್ಮ ಸಿನಿಮಾ ಯುಗಳ ಗೀತೆಗಳಲ್ಲಿ ಸಾಮಾನ್ಯವಾಗಿ ಅವನದೊಂದು ಸಾಲು, ಅವಳದೊಂದು ಸಾಲು. ಇಬ್ಬರೂ ಕೂಡಿ ಹಾಡುವಾಗಲೂ ಬಹಳ ಸಲ ಹಿಡಿಯುವುದು ಒಂದೇ ಸ್ವರ. ಸ್ಥಾಯಿ ಬೇರೆ ಇರಬಹುದು, ಅಷ್ಟೆ. ಕಂಟ್ರಿ ಡುಯೆಟ್‌ನ ದಾರಿ ಬೇರೆ. ಅಲ್ಲಿ ಇಬ್ಬರೂ ಒಂದೇ ಮಾತನ್ನು, ಒಂದೇ ಗಳಿಗೆಯಲ್ಲಿ, ಎರಡು ಬೇರೆ ಸ್ವರಗಳಲ್ಲಿ ಹಾಡುತ್ತಾರೆ. ಶಂಕರಾಭರಣದ ಆರೋಹಣ ನೆನಪು ಮಾಡಿಕೊಳ್ಳಿ. ಒಬ್ಬರು 'ಸ' ಹಿಡಿದಾಗ ಇನ್ನೊಬ್ಬರು 'ಗ' ಹಿಡಿಯುತ್ತಾರೆ. ಅವರು 'ರಿ'ಗೆ ಹೋದರೆ ಇವರು 'ಮ'ಗೆ. ಅವರು 'ಗ'ಗೆ ಬಂದಾಗ ಇವರು 'ಪ'ದಲ್ಲಿ ಇರುತ್ತಾರೆ. ನಡುವೆ ಒಂದು ಸ್ವರದ ಜಾಗ ಬಿಟ್ಟು ಜೊತೆ ಜೊತೆಗೆ ನಡೆಯುವುದು. ಹಾಡಿನ ಮೂಲ ಧಾಟಿ ಹಿಡಿದವರದು ಮೊದಲ ದನಿ, ಪಕ್ಕದಲ್ಲಿ ನಡೆಯುವವರದು ಎರಡನೇ ದನಿ. ಇದಕ್ಕೇ ಹಾರ್ಮನಿ ಅನ್ನುವುದು.

ಲೆಕ್ಕ ಇಷ್ಟು ಸುಲಭ. ಮಾಡಿ ನೋಡಿದರೆ ಕಷ್ಟ ಗೊತ್ತಾಗುತ್ತದೆ. ಮೊದಲ ದನಿಯವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಎರಡನೆಯವರೂ ಅಲ್ಲೇ ತೆಗೆದುಕೊಳ್ಳಬೇಕು. ಪದದ ಕೊನೆಗೆ 'ಟ್' ಅಂತ ಬಂದರೆ ಇಬ್ಬರ ನಾಲಿಗೆಯೂ ಒಂದೇ ಕ್ಷಣಕ್ಕೆ ಮುಟ್ಟಬೇಕು, ಇಲ್ಲದಿದ್ದರೆ ಟಕ್ ಟಕ್ ಅಂತ ಎರಡು ಸಲ ಕೇಳುತ್ತದೆ. ಮೊದಲಿನವರು ಇವತ್ತು ಯಾಕೋ ಒಂದು ಸಾಲನ್ನು ಎಳೆದರು ಅಂತಿಟ್ಟುಕೊಳ್ಳಿ. ಎರಡನೆಯವರು ಅದನ್ನು ಮೊದಲೇ ಊಹಿಸಿ ಎಳೆಯಬೇಕು. ಈ ಕಲೆಯಲ್ಲಿ ಅಣ್ಣ-ತಮ್ಮಂದಿರ ಜೋಡಿಗಳೇ ದೊಡ್ಡ ಹೆಸರು ಮಾಡಿದ್ದು ಸುಮ್ನೆ ಅಲ್ಲ. ಅಲಬಾಮಾದ ಲೂವಿನ್ ಸೋದರರು, ಆಮೇಲೆ ಎವರ್ಲಿ ಸೋದರರು. ಒಂದೇ ಮನೆಯಲ್ಲಿ ಬೆಳೆದವರ ಮಾತಿನ ರಾಗ ಒಂದೇ ಇರುತ್ತದೆ. ಅಣ್ಣ ಬಾಯಿ ತೆರೆಯುವ ಮೊದಲೇ ತಮ್ಮನಿಗೆ ಗೊತ್ತಿರುತ್ತದೆ.

ಒಡಹುಟ್ಟದವರು ಇದನ್ನು ಕಲಿಯಬೇಕಾದರೆ ಜೊತೆಗೆ ಬಹಳ ದಿನ ಇರಬೇಕು. ಎಮ್ಮಿಲೂ ಕಲಿತದ್ದು ಗಾಯಕ ಗ್ರಾಮ್ ಪಾರ್ಸನ್ಸ್ ಅವರಿಂದ. ಎಮ್ಮಿಲೂ ಹುಟ್ಟಿದ್ದು 1947ರಲ್ಲಿ, ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. 70ರ ದಶಕದ ಶುರುವಿನಲ್ಲಿ ಅವರು ಎಳೆ ಮಗುವನ್ನು ಒಬ್ಬರೇ ಸಾಕುತ್ತಾ ವಾಷಿಂಗ್ಟನ್ ಸುತ್ತಮುತ್ತಲಿನ ಕ್ಲಬ್‌ಗಳಲ್ಲಿ ಫೋಕ್ ಹಾಡುತ್ತಿದ್ದರು. ಗ್ರಾಮ್‌ಗೆ ತಮ್ಮ ಆಲ್ಬಂಗೆ ಒಂದು ಹೆಣ್ಣುದನಿ ಬೇಕಿತ್ತು. ಅವರನ್ನು ಕರೆಸಿಕೊಂಡರು, ಲೂವಿನ್ ಸೋದರರ ಹಾಡುಗಳನ್ನು ಕೇಳಿಸಿದರು. ಎಮ್ಮಿಲೂಗೆ ಅದೊಂದು ಪಾಠಶಾಲೆ. 1973ರ ಸೆಪ್ಟೆಂಬರ್‌ನಲ್ಲಿ ಗ್ರಾಮ್ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಹತ್ತಿರ ಸತ್ತರು. ಕುಡಿತ, ಮಾದಕ ಪದಾರ್ಥ. ವಯಸ್ಸು 26. ಎಮ್ಮಿಲೂಗೂ ಆಗ 26. ಅವರಿಬ್ಬರ ಎರಡನೇ ಆಲ್ಬಂ ಬಂದದ್ದು ಆ ಸಾವಿನ ನಂತರ, 1974ರಲ್ಲಿ.

ಎರಡನೇ ದನಿಯ ಹುಡುಗಿಗೆ ಈಗ ಮೊದಲ ದನಿ ಇಲ್ಲ. ಅವರೇ ಮುಂದೆ ನಿಂತು ಹಾಡಬೇಕಾಯಿತು. 1975ರಲ್ಲಿ ಬಂದ 'ಪೀಸಸ್ ಆಫ್ ದ ಸ್ಕೈ' ಆಲ್ಬಂನ ಮೊದಲ ಹಾಡೇ 'ಬ್ಲೂಬರ್ಡ್ ವೈನ್'. ಬರೆದವನು ಹ್ಯೂಸ್ಟನ್‌ನಲ್ಲಿ ಹುಟ್ಟಿದ 24 ವರ್ಷದ ಹುಡುಗ, ರಾಡ್ನಿ ಕ್ರೋವೆಲ್. ಆಗ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅದೇ ವರ್ಷ ಎಮ್ಮಿಲೂ ಕಟ್ಟಿದ ಹಾಟ್ ಬ್ಯಾಂಡ್‌ಗೆ ಅವನು ಸೇರಿದ. ಎಲ್ವಿಸ್ ಪ್ರೀಸ್ಲಿಯ ಗಿಟಾರ್ ವಾದಕ ಜೇಮ್ಸ್ ಬರ್ಟನ್, ಪಿಯಾನೋದ ಗ್ಲೆನ್ ಡಿ. ಹಾರ್ಡಿನ್ ಅಂಥವರಿದ್ದ ತಂಡ ಅದು. ಅಂಥ ಘಟಾನುಘಟಿಗಳ ನಡುವೆ ರಾಡ್ನಿಯ ಕೆಲಸ ರಿದಂ ಗಿಟಾರ್ ಬಾರಿಸುವುದು, ಎಮ್ಮಿಲೂಗೆ ಎರಡನೇ ದನಿ ಕೊಡುವುದು. ಗ್ರಾಮ್‌ಗೆ ಎಮ್ಮಿಲೂ ಏನಾಗಿದ್ದರೋ ಎಮ್ಮಿಲೂಗೆ ರಾಡ್ನಿ ಅದಾದ.

ಆಮೇಲೆ ದಾರಿ ಬೇರೆಯಾಯಿತು. ರಾಡ್ನಿ ತಂಡ ಬಿಟ್ಟು ತಮ್ಮದೇ ಆಲ್ಬಂಗಳನ್ನು ಮಾಡಿದರು, ಕಂಟ್ರಿಯ ದೊಡ್ಡ ಗಾಯಕ ಜಾನಿ ಕ್ಯಾಶ್ ಅವರ ಮಗಳು ರೋಸಾನ್ ಕ್ಯಾಶ್ ಅವರನ್ನು ಮದುವೆಯಾದರು, 1988ರ ಒಂದೇ ಆಲ್ಬಂನಿಂದ ಐದು ಹಾಡುಗಳನ್ನು ಸಾಲಾಗಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿದರು. ಎಮ್ಮಿಲೂ ಅಷ್ಟರಲ್ಲಿ ಆ ಸಂಗೀತದ ದೊಡ್ಡ ಹೆಸರಾಗಿದ್ದರು.

ಈಗ 2013ಕ್ಕೆ ಬನ್ನಿ. 'ಓಲ್ಡ್ ಯೆಲ್ಲೋ ಮೂನ್'ನಲ್ಲಿ 'ಬ್ಲೂಬರ್ಡ್ ವೈನ್' ಮತ್ತೆ ಇದೆ. ಆದರೆ ಈ ಸಲ ಮುಂದೆ ಹಾಡುವವರು ರಾಡ್ನಿ, ಎರಡನೇ ದನಿಗೆ ನಿಂತವರು ಎಮ್ಮಿಲೂ. 38 ವರ್ಷದ ಮೇಲೆ ಜಾಗ ಬದಲಾಗಿದೆ. ಅಷ್ಟೇ ಅಲ್ಲ, ರಾಡ್ನಿ ಹಾಡಿನ ಕೆಲವು ಸಾಲುಗಳನ್ನು ತಿದ್ದಿ ಬರೆದಿದ್ದಾರೆ. ತಾನು ಹುಡುಗನಾಗಿದ್ದಾಗ ಬರೆದದ್ದು, ಲೋಕಕ್ಕೆಲ್ಲ ಗೊತ್ತಾಗಿರುವುದು, ಅದನ್ನೂ ಬಿಡದೆ ತಿದ್ದುವುದು! ನನಗೆ ಅದು ತುಂಬಾ ಇಷ್ಟವಾಯಿತು. ಎರಡೂ ಹಾಡುಗಳನ್ನು ಒಂದರ ಹಿಂದೊಂದು ಹಾಕಿ ಕೇಳಿ. 1975ರದ್ದರಲ್ಲಿ ಒಬ್ಬಳು ಹುಡುಗಿ ಹೊಸ ಬದುಕಿನ ಖುಷಿಯಲ್ಲಿ ಓಡುತ್ತಿದ್ದಾಳೆ. 2013ರದ್ದರಲ್ಲಿ ಇಬ್ಬರು ಗೆಳೆಯರು ಅದೇ ರಸ್ತೆಯಲ್ಲಿ ನಡೆದುಕೊಂಡು ಬರುತ್ತಿದ್ದಾರೆ, ಆ ಹುಡುಗಿಯ ಬಗ್ಗೆ ಮಾತಾಡಿಕೊಳ್ಳುತ್ತಾ.

ಉಳಿದ ಕೆಲವು ಹಾಡುಗಳೂ ಹೀಗೇ ಊರೂರು ತಿರುಗಿ ಮನೆಗೆ ಬಂದವು. 'ಹಿಯರ್ ವಿ ಆರ್' ರಾಡ್ನಿ ಬರೆದದ್ದು. 1979ರಲ್ಲಿ ಅದನ್ನು ಜಾರ್ಜ್ ಜೋನ್ಸ್ ಹಾಡಿದ್ದರು, ಜೊತೆ ದನಿ ಎಮ್ಮಿಲೂ ಅವರದೇ. 'ಬುಲ್ ರೈಡರ್' ಕೂಡ ರಾಡ್ನಿಯದು, ಅದೇ ವರ್ಷ ಜಾನಿ ಕ್ಯಾಶ್ ಹಾಡಿದ್ದರು. ಶೀರ್ಷಿಕೆಯ ಹಾಡನ್ನು ಲಿನ್ ಲ್ಯಾಂಗಮ್ ಜೊತೆ ಸೇರಿ ಬರೆದ ಹ್ಯಾಂಕ್ ಡಿವಿಟೋ ಹಾಟ್ ಬ್ಯಾಂಡ್‌ನಲ್ಲಿ ಪೆಡಲ್ ಸ್ಟೀಲ್ ಗಿಟಾರ್ ನುಡಿಸುತ್ತಿದ್ದವರು. ಆಲ್ಬಂನ ನಿರ್ಮಾಪಕ ಬ್ರಯಾನ್ ಅಹರ್ನ್. 1975ರ ಆ ಆಲ್ಬಂ ಮಾಡಿಸಿದವರೂ ಅವರೇ, ನಡುವೆ ಕೆಲವು ವರ್ಷ ಎಮ್ಮಿಲೂ ಅವರ ಗಂಡನಾಗಿದ್ದವರೂ ಅವರೇ. ವಿಚ್ಛೇದನವಾಗಿ ಎಷ್ಟೋ ವರ್ಷಗಳ ನಂತರ ಒಂದೇ ಕೆಲಸಕ್ಕೆ ಕೂಡಿ ಕೂತರು.

ಇದೆಲ್ಲ ಸರಿ, ಆದರೆ ಅರವತ್ತು ದಾಟಿದ ಗಂಟಲು ಹಿಂದಿನ ಹಾಗೆ ಇರುತ್ತದಾ? ಇರುವುದಿಲ್ಲ. ಇಲ್ಲೇ ನನಗೆ ಎಲ್ಲಕ್ಕಿಂತ ಕುತೂಹಲದ ವಿಷಯ ಸಿಕ್ಕಿದ್ದು.

ಗಂಡು-ಹೆಣ್ಣು ಸೇರಿ ಹಾಡುವಾಗ ಮೊದಲ ಜಗಳವೇ ಶ್ರುತಿಯದು. ಹಾರ್ಮೋನಿಯಂ ಇಟ್ಟುಕೊಂಡು ಹಾಡುವವರಿಗೆ ಇದು ಗೊತ್ತು. ಗಂಡಸರು ಕಪ್ಪು ಒಂದು, ಕಪ್ಪು ಎರಡು ಅಂದರೆ ಹೆಂಗಸರು ಕಪ್ಪು ನಾಲ್ಕು, ಐದು ಅನ್ನುತ್ತಾರೆ. ಅವನಿಗೆ ಹಿತವಾದ ಶ್ರುತಿಯಲ್ಲಿ ಅವಳ ದನಿ ತೀರಾ ಕೆಳಗೆ ಬಿದ್ದು ಹೋಗುತ್ತದೆ. ಅವಳಿಗೆ ಹಿತವಾದಲ್ಲಿ ಅವನು ಕಿರುಚಬೇಕಾಗುತ್ತದೆ. ಯಾರಾದರೊಬ್ಬರು ಬಿಟ್ಟುಕೊಡಲೇಬೇಕು. ಹಾಡಿನಿಂದ ಹಾಡಿಗೆ ಯಾರು ಬಿಟ್ಟುಕೊಡುತ್ತಾರೆ ಅನ್ನುವುದರ ಮೇಲೆ ಡುಯೆಟ್ ಆಲ್ಬಂ ನಿಲ್ಲುತ್ತದೆ.

ವಯಸ್ಸಾದ ಹಾಗೆ ದೇಹವೇ ಈ ಜಗಳವನ್ನು ಸ್ವಲ್ಪ ಬಗೆಹರಿಸುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಸ್ವರತಂತುಗಳು ದಪ್ಪವಾಗುತ್ತವೆ, ದನಿ ಕೆಳಗಿಳಿಯುತ್ತದೆ. ಗಂಡಸರಲ್ಲಿ ತಿರುವುಮುರುವು. ಇಳಿವಯಸ್ಸಿನಲ್ಲಿ ಅವರ ಸ್ವರತಂತುಗಳು ತೆಳುವಾಗಿ ದನಿ ಸ್ವಲ್ಪ ಮೇಲೇರುತ್ತದೆ. ಅಂದರೆ ವರ್ಷ ಕಳೆದಂತೆ ಗಂಡುದನಿ, ಹೆಣ್ಣುದನಿ ಒಂದಕ್ಕೊಂದು ಹತ್ತಿರ ಬರುತ್ತವೆ! ಜೊತೆಗೆ ನಷ್ಟಗಳೂ ಇವೆ. ಸ್ವರತಂತುಗಳ ಬಾಗು-ಬಳುಕು ಕಡಿಮೆಯಾಗುತ್ತದೆ, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಗಾಳಿ ಸೋರುತ್ತದೆ, ಉಸಿರು ಬೇಗ ಮುಗಿಯುತ್ತದೆ. ಉದ್ದ ಸಾಲನ್ನು ಒಂದೇ ದಮ್ಮಿನಲ್ಲಿ ಹಿಡಿಯಲು ಆಗುವುದಿಲ್ಲ.

ಅಮ್ಮ ಕೇಳಿದ ಹಾಡಿನಲ್ಲಿ ಇದೆಲ್ಲ ಕೇಳಿಸುತ್ತದೆ. ಮಟ್ರಾಕಾ ಬರ್ಗ್ ಬರೆದ 'ಬ್ಯಾಕ್ ವೆನ್ ವಿ ವರ್ ಬ್ಯೂಟಿಫುಲ್' ಅದು. ವಯಸ್ಸಾದ ಹೆಂಗಸೊಬ್ಬಳು ತನ್ನ ಹರೆಯವನ್ನು ನೆನೆಯುತ್ತಾಳೆ. 1975ರ ಎಮ್ಮಿಲೂ ದನಿ ಗಾಜಿನ ಬಳೆಯಂತೆ ಇತ್ತು, ಮುಟ್ಟಿದರೆ ಖಣ್ ಅನ್ನುವ ಹಾಗೆ. ಇಲ್ಲಿ ಅದರ ಅಂಚಿನಲ್ಲಿ ಗಾಳಿ ಇದೆ. ಕೆಲವು ಕಡೆ ಸ್ವರ ಮುಗಿಯುವ ಮೊದಲೇ ಉಸಿರಾಗಿ ಬಿಡುತ್ತದೆ. ಅವರು ಅದನ್ನು ಮುಚ್ಚಿಡಲು ನೋಡುವುದಿಲ್ಲ. ರಾಡ್ನಿಯ ದನಿ ಬಂದಾಗ ಎಷ್ಟು ಮೆತ್ತಗೆ ಬರುತ್ತದೆ ಅಂದರೆ, ಬಂದದ್ದು ಗೊತ್ತಾಗುವುದೇ ಒಂದೆರಡು ಪದ ಕಳೆದ ಮೇಲೆ. ಇಪ್ಪತ್ತೈದರಲ್ಲಿ ಇಬ್ಬರೂ ಎಷ್ಟೇ ಚೆನ್ನಾಗಿ ಹಾಡಿದ್ದರೂ ಈ ಹಾಡು ಹೀಗೆ ಬರುತ್ತಿರಲಿಲ್ಲ ಅನ್ನಿಸುತ್ತದೆ.

ತಾವೇ ಹಾಡು ಬರೆದು ಹಾಡುತ್ತಿದ್ದ ಜಾನ್ ಪ್ರೈನ್ ಅವರ ಕಥೆಯೂ ಇಲ್ಲಿ ನೆನಪಾಗುತ್ತದೆ. 1998ರಲ್ಲಿ ಅವರಿಗೆ ಕುತ್ತಿಗೆಯ ಕ್ಯಾನ್ಸರ್ ಆಪರೇಶನ್ ಆಯಿತು. ದನಿ ಇಳಿದು ಗೊಗ್ಗರಾಯಿತು. ಆಮೇಲೆ ಬಂದ ಅವರ ಮೊದಲ ಆಲ್ಬಂ ಯಾವುದು ಗೊತ್ತಾ? ಒಂಬತ್ತು ಜನ ಗಾಯಕಿಯರ ಜೊತೆ ಹಾಡಿದ ಡುಯೆಟ್ ಆಲ್ಬಂ, 1999ರ 'ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್'. ಬಹುತೇಕ ಹಳೇ ಕಂಟ್ರಿ ಹಾಡುಗಳು. ಐರಿಸ್ ಡಿಮೆಂಟ್ ಅವರ ಚೂಪಾದ, ಬಯಲಿನಂಥ ದನಿಯ ಪಕ್ಕದಲ್ಲಿ ಪ್ರೈನ್ ಅವರ ಒಡೆದ ದನಿ ನಿಂತಾಗ ಅದು ಕುಂದು ಅಂತ ಅನ್ನಿಸುವುದೇ ಇಲ್ಲ. ಗಂಟಲು ಸೋತವರಿಗೆ ಎರಡನೇ ದನಿ ಊರುಗೋಲು ಕೊಟ್ಟ ಹಾಗೆ.

ಡುಯೆಟ್ ಹೆಸರಿನಲ್ಲಿ ಬರುವುದೆಲ್ಲ ಹೀಗಿರುವುದಿಲ್ಲ ಅನ್ನುವುದನ್ನೂ ಹೇಳಬೇಕು. 1993ರಲ್ಲಿ ಫ್ರಾಂಕ್ ಸಿನಾತ್ರಾ ಅವರ 'ಡುಯೆಟ್ಸ್' ಬಂತು. ಅದರ ಜೊತೆ ಗಾಯಕರು ಬೇರೆ ಬೇರೆ ಊರುಗಳ ಸ್ಟುಡಿಯೋಗಳಿಂದ ಫೋನ್ ತಂತಿಯ ಮೂಲಕ ದನಿ ಕಳಿಸಿದರು. ಲಕ್ಷಗಟ್ಟಲೆ ಮಾರಾಟವಾಯಿತು. ನಮ್ಮ ಸಿನಿಮಾ ಡುಯೆಟ್‌ಗಳಲ್ಲೂ ಈಗ ಅವನು ಒಂದು ದಿನ, ಅವಳು ಇನ್ನೊಂದು ದಿನ ಬಂದು ಟ್ರ್ಯಾಕ್ ಮೇಲೆ ಹಾಡಿ ಹೋಗುವುದೇ ಹೆಚ್ಚು. ಸಾಲು ಹಂಚಿಕೊಂಡು ಹಾಡುವ ಹಾಡಿಗೆ ಅದು ನಡೆಯುತ್ತದೆ. ಇನ್ನೊಬ್ಬರ ಉಸಿರಿಗೆ ಉಸಿರು ಕೂಡಿಸಬೇಕಾದ ಹಾಡಿಗೆ ಅವರ ಮುಖ ಕಾಣುತ್ತಿದ್ದರೆ ಒಳ್ಳೆಯದು.

ಈಗ ವ್ಯಾಪಾರದ ಮಾತಿಗೆ ಬರೋಣ. ಅದನ್ನು ಬಿಟ್ಟರೆ ವಿಷಯ ಪೂರ್ತಿಯಾಗುವುದಿಲ್ಲ. ಅಮೆರಿಕದಲ್ಲಿ ಕಂಟ್ರಿ ಹಾಡು ಬೆಳೆದದ್ದು ರೇಡಿಯೋದಿಂದ. 90ರ ದಶಕದಲ್ಲಿ ಆ ರೇಡಿಯೋ ಹೊಸ ಮುಖಗಳ ಕಡೆ ತಿರುಗಿತು, ಹಿರಿಯರ ಹಾಡು ಹಾಕುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಜಾನಿ ಕ್ಯಾಶ್ ಅಂಥವರಿಗೇ ಜಾಗ ಇರಲಿಲ್ಲ. 1998ರಲ್ಲಿ ಅವರ ಆಲ್ಬಂಗೆ ಗ್ರ್ಯಾಮಿ ಬಂದಾಗ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಬಂತು. ಕ್ಯಾಶ್ ಸಿಟ್ಟಿನಿಂದ ನಡುಬೆರಳು ತೋರಿಸುತ್ತಿರುವ ಹಳೇ ಫೋಟೋ, ಜೊತೆಗೆ ಕಂಟ್ರಿ ಉದ್ಯಮದ ಊರಾದ ನ್ಯಾಶ್‌ವಿಲ್‌ಗೂ ಕಂಟ್ರಿ ರೇಡಿಯೋಗೂ 'ನಿಮ್ಮ ಬೆಂಬಲಕ್ಕೆ ಧನ್ಯವಾದ' ಅಂತ. ಆ ಅವಮಾನ ಎಷ್ಟು ಆಳವಾಗಿ ಚುಚ್ಚಿತ್ತು ಅಂತ ಆ ಒಂದು ಪುಟದಲ್ಲೇ ಕಾಣುತ್ತದೆ.

ಹೀಗೆ ಹೊರಗೆ ಉಳಿದವರಿಗೆ ಸಿಕ್ಕ ಮನೆಯೇ 'ಅಮೆರಿಕಾನಾ'. ಕಂಟ್ರಿ, ಫೋಕ್, ಬ್ಲೂಸ್ ಎಲ್ಲ ಬೆರೆತ, ತನ್ನ ಬೇರನ್ನು ಮರೆಯದ ಸಂಗೀತಕ್ಕೆ ಇಟ್ಟ ಹೆಸರು. 1999ರಲ್ಲಿ ಅದಕ್ಕೊಂದು ಸಂಘ ಹುಟ್ಟಿತು. ಗ್ರ್ಯಾಮಿಯಲ್ಲಿ ಅದಕ್ಕೇ ಬೇರೆ ವಿಭಾಗ ಬಂದದ್ದು 2010ರಲ್ಲಿ, ಮೊದಲ ಪ್ರಶಸ್ತಿ ಗಾಯಕ ಲೆವನ್ ಹೆಲ್ಮ್ ಅವರಿಗೆ. 'ಓಲ್ಡ್ ಯೆಲ್ಲೋ ಮೂನ್'ಗೆ ಬಂದದ್ದೂ ಅದೇ ಪ್ರಶಸ್ತಿ. ಈ ಹೆಸರಿನಿಂದ ಒಳ್ಳೆಯದಾಗಿದೆ ಅಂತಲೇ ನನ್ನ ಅಭಿಪ್ರಾಯ. ಆದರೆ ಬೇಸರವೂ ಇದೆ. ಕಂಟ್ರಿ ಸಂಗೀತವನ್ನು ಕಟ್ಟಿದವರು ತಮ್ಮ ಮನೆಯಲ್ಲಿ ಜಾಗ ಸಿಗದೆ ಪಕ್ಕದ ಮನೆಯಲ್ಲಿ ಇರಬೇಕಾಯಿತಲ್ಲ!

ದುಡ್ಡಿನ ಲೆಕ್ಕದಲ್ಲಿ ಇನ್ನೊಂದು ಅನ್ಯಾಯ ಇದೆ, ಅದು ಇವತ್ತಿಗೂ ಬಗೆಹರಿದಿಲ್ಲ. ಅಮೆರಿಕದ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ರಾಯಲ್ಟಿ ಬರುತ್ತದೆ. ಹಾಡಿದವರಿಗೆ ಒಂದು ಪೈಸೆಯೂ ಇಲ್ಲ. ಇದನ್ನು ಸರಿಪಡಿಸಲು 2021ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಒಂದು ಮಸೂದೆ ತಂದರು, 2025ರಲ್ಲಿ ಮತ್ತೆ ತಂದರು. ಎಮ್ಮಿಲೂ ಹಾಡಿದ್ದರಲ್ಲಿ ಹೆಚ್ಚಿನವು ಬೇರೆಯವರು ಬರೆದ ಹಾಡುಗಳು. ಅವರ ದನಿಯಿಂದಲೇ ಎಷ್ಟೋ ಹಾಡುಗಳು ಜನಕ್ಕೆ ಗೊತ್ತಾದವು. ಆದರೂ ಆ ರೇಡಿಯೋ ಲೆಕ್ಕದಲ್ಲಿ ಅವರ ದನಿಗೆ ಬೆಲೆ ಇಲ್ಲ. ಇಂಥವರ ಬದುಕು ನಡೆಯುವುದು ಊರೂರು ಸುತ್ತಿ ವೇದಿಕೆ ಮೇಲೆ ಹಾಡುವುದರಿಂದ. ಎಪ್ಪತ್ತರ ಹತ್ತಿರ ಒಬ್ಬರೇ ಎರಡು ಗಂಟೆ ಹಾಡುವುದು ದೇಹಕ್ಕೆ ಭಾರ. ಇಬ್ಬರಿದ್ದರೆ ಒಬ್ಬರ ಸಾಲಿನಲ್ಲಿ ಇನ್ನೊಬ್ಬರು ನೀರು ಕುಡಿಯಬಹುದು. ಆದ್ದರಿಂದ ಜೋಡಿ ಆಲ್ಬಂ ಹಿಂದೆ ಲೆಕ್ಕಾಚಾರ ಇದೆ ಅಂದರೆ ನಾನು ತಪ್ಪು ಅನ್ನುವುದಿಲ್ಲ. ದುಡಿಮೆ ಅದು, ಅದಕ್ಕೆ ಲೆಕ್ಕಾಚಾರ ಬೇಡವಾ?

ಆಲ್ಬಂನಲ್ಲಿ ನನಗೆ ಹಿಡಿಸದ್ದೂ ಇದೆ. 'ಬ್ಲ್ಯಾಕ್ ಕೆಫೀನ್' ಹಾಡಿನ ಗಡಸು ಉಳಿದ ಹಾಡುಗಳ ನಡುವೆ ಕೂರುವುದಿಲ್ಲ. ಎರಡು ದನಿ ಅಲ್ಲಿ ಬೆರೆಯುವ ಬದಲು ಪೈಪೋಟಿಗೆ ಇಳಿದಂತಿದೆ. ಇನ್ನೊಂದು ಕೊರತೆ ದೊಡ್ಡದು. ಇಬ್ಬರೂ ಬರೆಯಬಲ್ಲವರು. ಗ್ರಾಮ್ ಸತ್ತ ದುಃಖದಲ್ಲಿ ಎಮ್ಮಿಲೂ ಬಿಲ್ ಡ್ಯಾನಫ್ ಜೊತೆ ಸೇರಿ ಬರೆದ 'ಬೋಲ್ಡರ್ ಟು ಬರ್ಮಿಂಗ್‌ಹ್ಯಾಮ್' ಇವತ್ತಿಗೂ ಅಳಿಸುತ್ತದೆ. ಅಂಥವರು ರಾಡ್ನಿ ಜೊತೆ ಕೂತು ಬರೆದ ಒಂದು ಹಾಡೂ ಈ ಆಲ್ಬಂನಲ್ಲಿ ಇಲ್ಲ. ಆ ಆಸೆ ಈಡೇರಿದ್ದು 2015ರ ಮೇ ತಿಂಗಳಲ್ಲಿ ಬಂದ ಎರಡನೇ ಆಲ್ಬಂ 'ದ ಟ್ರಾವೆಲಿಂಗ್ ಕೈಂಡ್'ನಲ್ಲಿ. ಜೋ ಹೆನ್ರಿ ನಿರ್ಮಾಣದ ಅದರಲ್ಲಿ ಇಬ್ಬರೂ ಕೂಡಿ ಬರೆದ ಹಾಡುಗಳಿವೆ. ಬರವಣಿಗೆ ಅದರಲ್ಲಿ ಮೇಲು. ದನಿಗಳ ಬೆಸುಗೆ ಮಾತ್ರ ನನಗೆ ಮೊದಲನೆಯದರಲ್ಲೇ ಹೆಚ್ಚು ಇಷ್ಟ.

2025ರ ಏಪ್ರಿಲ್ 25ರಂದು ವಿಲ್ಲಿ ನೆಲ್ಸನ್ ಅವರ 'ಓ ವಾಟ್ ಎ ಬ್ಯೂಟಿಫುಲ್ ವರ್ಲ್ಡ್' ಬಂತು. 12 ಹಾಡುಗಳು, ಎಲ್ಲವೂ ರಾಡ್ನಿ ಬರೆದವು. ಇನ್ನು ನಾಲ್ಕೇ ದಿನಕ್ಕೆ ವಿಲ್ಲಿಗೆ 92 ತುಂಬುವುದಿತ್ತು. ಶೀರ್ಷಿಕೆಯ ಹಾಡಿಗೆ ರಾಡ್ನಿಯೇ ಬಂದು ದನಿ ಸೇರಿಸಿದ್ದಾರೆ, ಅವರಿಗೆ ಆಗ 74. ವಿಲ್ಲಿ ಜೊತೆ ಹಾಡುವುದು ಸುಲಭದ ಕೆಲಸ ಅಲ್ಲ. ಅವರು ತಾಳದ ಮೇಲೆ ಪದ ಇಡುವುದೇ ಇಲ್ಲ. ಒಮ್ಮೆ ಮುಂಚೆ ಹೇಳಿಬಿಡುತ್ತಾರೆ, ಒಮ್ಮೆ ತಡ ಮಾಡಿ ಮಾತಾಡುವ ಹಾಗೆ ಬಿಡುತ್ತಾರೆ. ಪಕ್ಕದಲ್ಲಿ ನಿಂತವರು ಕಾಯುವುದನ್ನು ಕಲಿತಿರಬೇಕು.

ಅಮ್ಮನಿಗೆ ಅದನ್ನೂ ಕೇಳಿಸಿದೆ. ಪೂರ್ತಿ ಕೇಳಿ, "ಈ ಅಜ್ಜ ಹಾಡ್ತಿಲ್ಲ ಕಣೋ, ಜಗುಲಿ ಮೇಲೆ ಕೂತು ಮಾತಾಡ್ತಿದಾರೆ. ಪಕ್ಕದಲ್ಲಿರೋರು ಹೂಂಗುಡ್ತಿದಾರೆ" ಅಂದರು.